ಇವತ್ತು ತೆಪ್ಪ ಇಳಿಸೋದಿಲ್ಲ

ಸುವರ್ಣಾವತಿಯನ್ನು ಬೇಸಿಗೆಯಲ್ಲಿ ಮಾತ್ರ ಕಂಡವರು ಅದನ್ನು ಹೊಳೆ ಎನ್ನಲು ಹಿಂದೆಮುಂದೆ ನೋಡುತ್ತಾರೆ. ಯಳಂದೂರಿನ ಬಳಿ ಸೇತುವೆಯ ಮೇಲೆ ನಿಂತರೆ ಕೆಳಗೆ ಮರಳು, ಜೊಂಡು, ಅಲ್ಲಲ್ಲಿ ಪಾದ ತೋಯುವಷ್ಟು ನೀರು. ದನ ಕಾಯುವ ಹುಡುಗರು ಈ ದಡದಿಂದ ಆ ದಡಕ್ಕೆ ಮಾತಾಡಿಕೊಂಡೇ ದಾಟುತ್ತಾರೆ. ಊರಿನವರ ಬಾಯಲ್ಲಿ ಇದು ಹೊನ್ನುಹೊಳೆ. ಆದರೆ ಬಿಳಿಗಿರಿರಂಗನ ಬೆಟ್ಟದ ಇಳಿಜಾರಿನಲ್ಲಿ ಒಂದೆರಡು ರಾತ್ರಿ ಬಿಡದೆ ಮಳೆ ಹೊಯ್ದರೆ ಇದೇ ಹೊಳೆಗೆ ಗುರುತು ಸಿಗದ ಮೈ ಬರುತ್ತದೆ. 2022ರ ಮಳೆಗಾಲದಲ್ಲಿ ಮೇಲಿನ ಸುವರ್ಣಾವತಿ ಜಲಾಶಯ ತುಂಬಿ ಹರಿದಾಗ ಯಳಂದೂರು ತಾಲ್ಲೂಕಿನ ತಗ್ಗಿನ ಊರುಗಳಿಗೆ ನೀರು ನುಗ್ಗಿತ್ತು. ಗದ್ದೆ ಯಾವುದು, ರಸ್ತೆ ಯಾವುದು ಎಂದು ತಿಳಿಯದ ಹಾಗಾಗಿತ್ತು.

ಯಳಂದೂರಿಗೆ ಬರುವವರು ಗೌರೀಶ್ವರ ದೇವಾಲಯದ ಬಳೆಮಂಟಪ ನೋಡುತ್ತಾರೆ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಊರಿದು ಎಂದು ನೆನೆಯುತ್ತಾರೆ, ಬೆಟ್ಟ ಹತ್ತುತ್ತಾರೆ. ನಾನು ಬಂದದ್ದು ನೀರಿನ ಜಾಡು ಹಿಡಿದು. ಈ ಹೊನ್ನುಹೊಳೆ ಕೊಳ್ಳೇಗಾಲ ತಾಲ್ಲೂಕಿಗೆ ಇಳಿದು ಕಾವೇರಿಯನ್ನು ಸೇರುತ್ತದೆ. ಕಾವೇರಿ ಮುಂದೆ ಶಿವನಸಮುದ್ರದಲ್ಲಿ ಧುಮುಕಿ, ಹನೂರಿನ ಕಾಡನ್ನು ಬಳಸಿಕೊಂಡು ಹೊಗೇನಕಲ್ಲಿನಲ್ಲಿ ರಾಜ್ಯ ಬಿಡುತ್ತದೆ. ಈ ಮೂರು ತಾಲ್ಲೂಕುಗಳ ದಾರಿಯುದ್ದಕ್ಕೂ ನನಗೆ ಬೇಕಿದ್ದುದು ಒಂದೇ ವಿಷಯ: ದೋಣಿಯ ಮೇಲಿರುವಾಗ ಆಪತ್ತು ಬಂದರೆ ಬಲ್ಲವರು ಏನು ಮಾಡುತ್ತಾರೆ? ಹಾಯಿದೋಣಿಯಲ್ಲಿ ಸಾಗರ ದಾಟುವವರು ಇದನ್ನು ಪುಸ್ತಕ ಮಾಡಿ ಇಟ್ಟಿದ್ದಾರೆ. ನಮ್ಮ ಹೊಳೆದಡದ ಅಂಬಿಗರ ಬಳಿ ಪುಸ್ತಕವಿಲ್ಲ. ಅವರ ತಿಳಿವಳಿಕೆಯೆಲ್ಲ ತೋಳಿನಲ್ಲಿ, ಮಂಡಿಯಲ್ಲಿ, ಕಣ್ಣಿನಲ್ಲಿ ಇದೆ. ಬರೆದಿಡುವವರು ಇಲ್ಲದಿದ್ದರೆ ಅವರೊಟ್ಟಿಗೇ ಹೋಗಿಬಿಡುತ್ತದೆ ಎಂಬ ಆತಂಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳೇಗಾಲದ ಪೇಟೆ ದಾಟಿ ಹೊಳೆಯ ಕಡೆಗೆ ಹೊರಟರೆ ಭತ್ತ, ಕಬ್ಬು, ತೆಂಗು. ಮುಳ್ಳೂರು, ಹರಳೆ, ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಯಡಕುರಿಯ ಎಂಬ ಹೆಸರುಗಳು ಮಳೆಗಾಲದ ಪತ್ರಿಕೆಗಳಲ್ಲಿ ಒಟ್ಟಿಗೇ ಬರುತ್ತವೆ. 2018, 2019, ಮತ್ತೆ 2024ರಲ್ಲಿ ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಒಟ್ಟೊಟ್ಟಿಗೆ ನೀರು ಬಿಟ್ಟಾಗ ಇಲ್ಲಿನ ದಡದ ಊರುಗಳಿಗೆ ಹೊಳೆ ಹತ್ತಿತು. ಜನ ಪಾತ್ರೆಪಗಡೆ, ಕುರಿಮೇಕೆಗಳೊಂದಿಗೆ ಕಾಳಜಿ ಕೇಂದ್ರಗಳಿಗೆ ಹೋದರು. ಕಬಿನಿ ತಿರುಮಕೂಡಲು ನರಸೀಪುರದಲ್ಲೇ ಕಾವೇರಿಯನ್ನು ಸೇರಿಬಿಡುವುದರಿಂದ ಈ ಊರುಗಳಿಗೆ ಬರುವುದು ಎರಡು ಜಲಾಶಯಗಳ ಕೂಡಿದ ನೀರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದಾಗ ಸೆಕೆಂಡಿಗೆ 28 ಲಕ್ಷ ಲೀಟರ್, ಅಂದರೆ ಪ್ರತಿ ಸೆಕೆಂಡಿಗೂ 2800 ಟನ್ ನೀರು ದಡವನ್ನು ಉಜ್ಜಿಕೊಂಡು ಹೋಗುತ್ತಿರುತ್ತದೆ. ವಾರ್ತೆಯಲ್ಲಿ ಬರೀ ಅಂಕಿಯಾಗಿ ಕೇಳಿಸುವುದು ದಾಸನಪುರದ ಜಗಲಿಯ ಮೇಲೆ ಕೂತವರಿಗೆ ಗೋಡೆ ನೆನೆಯುವ ಲೆಕ್ಕ.

ದಡದವರು ಹೊಳೆಯನ್ನು ಅಳೆಯುವುದು ಬೇರೆ ಬಗೆಯಲ್ಲಿ. ಸೋಪಾನದ ಯಾವ ಮೆಟ್ಟಿಲು ಮುಳುಗಿದೆ, ಯಾವ ಬಂಡೆಯ ನೆತ್ತಿ ಇನ್ನೂ ಒಣಗಿದೆ, ನೀರಿನ ಬಣ್ಣ ಯಾವ ಮಣ್ಣಿನದು, ಮೇಲೆ ತೇಲಿಬರುವುದು ಒಣ ಎಲೆಯೋ ಹಸಿ ಕೊಂಬೆಯೋ. ಹಸಿ ಕೊಂಬೆ, ಬೇರು ಸಮೇತ ಗಿಡ ಬರತೊಡಗಿದರೆ ಮೇಲೆ ದಡ ಕುಸಿಯುತ್ತಿದೆ ಎಂದು ಅರ್ಥ. ನೀರು ಇನ್ನೂ ಏರಲಿದೆ. ನೊರೆ ಹೊಳೆಯ ನಡುವೆ ಸಾಲುಗಟ್ಟಿದ್ದರೆ ಏರುನೀರು, ದಡಕ್ಕೆ ಸರಿದರೆ ಇಳಿನೀರು ಎನ್ನುವವರೂ ಇದ್ದಾರೆ. ನಾನು ಕೂತು ನೋಡಿದೆ, ಆದರೆ ನನ್ನ ಕಣ್ಣಿಗೆ ಅಷ್ಟು ಬೇಗ ಅದು ಒಲಿಯಲಿಲ್ಲ. ಇದೊಂದು ದಿನದಲ್ಲಿ ಕಲಿಯುವ ವಿದ್ಯೆಯಲ್ಲ.

ಇನ್ನು ತೆಪ್ಪ. ದಡದ ಮೇಲೆ ಬೋರಲು ಹಾಕಿ ಒಣಗಿಸಿದ್ದನ್ನು ಹತ್ತಿರದಿಂದ ನೋಡಬೇಕು. ಸೀಳಿದ ಬಿದಿರಿನ ದಬ್ಬೆಗಳನ್ನು ನಡುವಿನಿಂದ ಸುತ್ತಲೂ ಹೊರಡುವಂತೆ ಹಾಸಿ, ಅಡ್ಡಡ್ಡ ಹೆಣೆದು, ಬಾಗಿಸಿ, ಮೇಲೆ ದಪ್ಪ ಕಂಠ ಕಟ್ಟಿರುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಹೊಲಿದ ಹೊದಿಕೆ ಅಥವಾ ಟಾರ್ಪಾಲಿನ್, ಅದರ ಮೇಲೆ ಕಾಸಿದ ಡಾಂಬರು. ಮುಂದು ಹಿಂದು ಎಂಬುದಿಲ್ಲ, ಅಡಿಗಟ್ಟಿಲ್ಲ, ಚುಕ್ಕಾಣಿಯಿಲ್ಲ. ಇರುವುದು ಒಂದು ಹುಟ್ಟು ಮಾತ್ರ. ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಮೈಲಿಗಟ್ಟಲೆ ನಡೆಯಬಹುದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿನಲ್ಲೇ ಆನೆಗೊಂದಿಯ ಹೊಳೆಯಲ್ಲಿ ಬುಟ್ಟಿಯಂತೆ ದುಂಡಗಿನ, ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟ. ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರಂತೆ. 1803ರ ಮರಾಠಾ ಯುದ್ಧಕ್ಕೆ ಹೊರಟ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ಹೊಳೆಗಳನ್ನು ದಾಟಲು ಇಂಥವನ್ನೇ ಸಾಲಾಗಿ ಕಟ್ಟಿಸಿದ. ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣದ ತೆಪ್ಪಗಳ ಬಗ್ಗೆ ಅಧ್ಯಯನ ಮಾಡಿ ಬರೆದರು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಈ ದಡದ ಕೆಲಸಗಾರಿಕೆಯಲ್ಲಿ, ಮಾತಿನಲ್ಲಿ ತಮಿಳು ಕನ್ನಡ ಎರಡೂ ಬೆರೆತಿರುವುದು ಹೊಸತಲ್ಲ.

ತೆಪ್ಪ ಎಷ್ಟು ಮುಳುಗುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ತಳದ ಅಗಲ ಎರಡು ಮೀಟರ್ ಎಂದಿಟ್ಟುಕೊಂಡರೆ ಅದರ ಹರವು ಮೂರು ಚದರ ಮೀಟರ್‌ಗೆ ಸ್ವಲ್ಪ ಹೆಚ್ಚು. ಒಂದು ಸೆಂಟಿಮೀಟರ್ ಮುಳುಗಿದರೆ ಮೂವತ್ತೊಂದು ಲೀಟರ್ ನೀರು ಸರಿಯುತ್ತದೆ, ಅಷ್ಟೇ ಕಿಲೋ ಭಾರ ಹೊರುತ್ತದೆ. ಅರವತ್ತು ಕಿಲೋದ ಐದು ಮಂದಿ ಕೂತರೂ ಹತ್ತು ಸೆಂಟಿಮೀಟರ್, ಅರ್ಧ ಗೇಣು. ಅದಕ್ಕೇ ಬಂಡೆಯ ನೆತ್ತಿಯನ್ನು ಸವರಿಕೊಂಡು ಹೋಗಲು ಅದಕ್ಕೆ ಸಾಧ್ಯ. ಈ ಗುಣವೇ ಅದರ ದೌರ್ಬಲ್ಯ ಕೂಡ. ನೀರಿನಲ್ಲಿ ಬೇರಿಲ್ಲದ ದೋಣಿಯದು. ಹಾಯಿದೋಣಿಯ ಅಡಿಯಲ್ಲಿ ಟನ್‌ಗಟ್ಟಲೆ ಸೀಸವೋ ಕಬ್ಬಿಣವೋ ಇರುತ್ತದೆ. ಅಲೆ ಹೊಡೆದು ಮಗುಚಿದರೂ ಆ ಭಾರ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ತೆಪ್ಪಕ್ಕೆ ಕೂತ ಜನರ ಮೈಯೇ ಭಾರ. ಐವರಲ್ಲಿ ಮೂವರು ಒಂದೇ ಕಡೆ ಬಾಗಿ ಮೊಸಳೆ ತೋರಿಸಲು ಹೊರಟರೆ ಕಂಠ ನೀರಿಗಿಳಿಯುತ್ತದೆ. ಕಂಠದ ಮೇಲೆ ನೀರು ಒಳಗೆ ಬಂತೆಂದರೆ ಆ ನೀರು ತಗ್ಗಿನ ಕಡೆಗೇ ಓಡುತ್ತದೆ, ತಗ್ಗನ್ನು ಇನ್ನಷ್ಟು ತಗ್ಗಿಸುತ್ತದೆ. ಆಮೇಲೆ ಎಣಿಸಲು ಸಮಯವಿರುವುದಿಲ್ಲ. ಆದ್ದರಿಂದಲೇ ಅನುಭವಸ್ಥ ಅಂಬಿಗ ಹತ್ತಿಸಿಕೊಳ್ಳುವಾಗ ಒಬ್ಬೊಬ್ಬರ ಮೈಯನ್ನು ಕಣ್ಣಲ್ಲೇ ತೂಗುತ್ತಾನೆ. ದಪ್ಪಗಿದ್ದವರನ್ನು ಎದುರು ಬದುರು, ಮಕ್ಕಳನ್ನು ನಡುವೆ, ಎಲ್ಲರನ್ನೂ ತಳದ ಮೇಲೆ, ಬೆನ್ನು ಕಂಠಕ್ಕೆ ಕೊಟ್ಟು. ಕಂಠದ ಮೇಲೆ ಕೂರಲು ಬಿಡುವವನ ತೆಪ್ಪ ಹತ್ತಬಾರದು.

ದಾಟುವ ಕ್ರಮ ನೋಡುವಂಥದು. ಎದುರಿನ ಕಡವಿಗೆ ನೇರ ಹುಟ್ಟು ಹಾಕುವುದಿಲ್ಲ. ಮೊದಲು ದಡದ ಪಕ್ಕದ ನಿಧಾನ ನೀರಿನಲ್ಲಿ ತೆಪ್ಪವನ್ನು ಎಳೆದುಕೊಂಡು ಮೇಲಕ್ಕೆ ಹೋಗುತ್ತಾರೆ. ಸಾಕಷ್ಟು ಮೇಲೆ ಹೋದ ಮೇಲೆ ಸೆಳವಿಗೆ ಓರೆಯಾಗಿ ಬಿಟ್ಟು, ಹೊಳೆ ಕೆಳಕ್ಕೆ ತಳ್ಳುವಷ್ಟನ್ನು ಮೊದಲೇ ಲೆಕ್ಕ ಹಿಡಿದು, ಹುಟ್ಟಿನಿಂದ ಅಡ್ಡಕ್ಕೆ ಮಾತ್ರ ಎಳೆಯುತ್ತಾರೆ. ಹೊಳೆಯ ಜೊತೆ ಗುದ್ದಾಡುವುದಿಲ್ಲ. ಸಾಗರದಲ್ಲಿ ಪ್ರವಾಹ ದಾಟುವ ಹಾಯಿಗಾರರೂ ನಕ್ಷೆಯ ಮೇಲೆ ಇದನ್ನೇ ಪೆನ್ಸಿಲಿನಿಂದ ಮಾಡುತ್ತಾರೆ. ಈ ಲೆಕ್ಕದಲ್ಲಿ ಮುಖ್ಯವಾದ ಭಾಗ ಒಂದಿದೆ: ಕಡವು ತಪ್ಪಿದರೆ ಮುಂದೆ ಏನಿದೆ? ಕಡವಿನ ಕೆಳಗೆ ಮರಳದಿಣ್ಣೆಯಿದ್ದರೆ ಸರಿ. ಬಂಡೆಸಾಲು, ಮುಳುಗಿದ ಮರ, ಧುಮುಕು ಇದ್ದರೆ ಅಲ್ಲಿ ದಾಟುವುದೇ ಇಲ್ಲ. ಮುಳುಗಿದ ಮರದ ಕೊಂಬೆಗಳ ನಡುವೆ ನೀರು ಹಾದುಹೋಗುತ್ತದೆ, ಮನುಷ್ಯ ಹೋಗಲಾರ. ಸೆಳವು ಅವನನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಹೊಳೆಯಲ್ಲಿ ಸುಳಿಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ.

ಸುಳಿಯ ವಿಷಯಕ್ಕೆ ಬಂದರೆ, ದುಂಡನೆಯ ತೆಪ್ಪ ಸುಳಿಯಲ್ಲಿ ಗರಗರ ತಿರುಗುತ್ತದೆ. ಹೊಸಬರು ಕಿರುಚುತ್ತಾರೆ, ಎದ್ದು ನಿಲ್ಲಲು ನೋಡುತ್ತಾರೆ. ಅಂಬಿಗ ತಿರುಗುವುದನ್ನು ತಡೆಯುವುದಿಲ್ಲ. ತಿರುಗುತ್ತಲೇ ಸುಳಿಯ ಅಂಚಿಗೆ ಬಂದ ಕ್ಷಣಕ್ಕೆ ಎರಡು ಬಲವಾದ ಹುಟ್ಟು ಹಾಕಿ ಹೊರಗೆ ಜಾರುತ್ತಾನೆ. ಹುಟ್ಟು ಮುರಿದರೆ? ಮುರಿದ ತುಂಡಿನಿಂದ, ಅದೂ ಹೋದರೆ ಅಂಗೈಯಿಂದ, ದಡಕ್ಕಲ್ಲ, ನಿಧಾನ ನೀರಿನ ಕಡೆಗೆ. ನಿಧಾನ ನೀರು ಸಿಕ್ಕರೆ ದಡ ತಾನಾಗಿ ಸಿಗುತ್ತದೆ. ಬಂಡೆ ತಾಗಿ ಹೊದಿಕೆ ಹರಿದರೆ ಹೆಗಲ ಮೇಲಿನ ಟವಲು ತೇಪೆಯಾಗುತ್ತದೆ: ತೂತಿನ ಮೇಲೆ ಒತ್ತಿ, ಮೇಲೊಬ್ಬರನ್ನು ಮಂಡಿಯೂರಿಸಿ, ಇನ್ನೊಬ್ಬರ ಕೈಗೆ ನೀರು ಎತ್ತುವ ಡಬ್ಬ ಕೊಡುವುದು. ಸಾಗರದ ದೋಣಿಗಳಲ್ಲೂ ಮೊದಲ ಉಪಾಯ ಇದೇ. ಒಳಗಿನಿಂದ ಮೆತ್ತೆ, ಬಟ್ಟೆ ತುರುಕಿ ಒತ್ತುವುದು, ಹೊರಗಿನಿಂದ ಹಾಯಿಬಟ್ಟೆ ಸುತ್ತುವುದು. ದೋಣಿಯ ಮೈಯಲ್ಲಿ ಬೇಕೆಂದೇ ಕೊರೆದ ಪ್ರತಿ ತೂತಿನ ಪಕ್ಕದಲ್ಲೂ ಅದರ ಅಳತೆಯ ಮರದ ಗೂಟವನ್ನು ಹುರಿಯಲ್ಲಿ ಕಟ್ಟಿ ತೂಗುಹಾಕಿರುತ್ತಾರೆ, ಕತ್ತಲಲ್ಲಿ ಹುಡುಕಬಾರದೆಂದು. ನೀರು ಎತ್ತುವ ಡಬ್ಬವನ್ನು ತೆಪ್ಪದ ಕಂಠಕ್ಕೆ ಹುರಿಯಿಂದ ಕಟ್ಟುವುದೂ ಅದೇ ಕಾರಣಕ್ಕೆ. ಡಬ್ಬವನ್ನು ಬಿಡಿಯಾಗಿ ಇಟ್ಟರೆ ಬೇಕಾದ ಹೊತ್ತಿಗೆ ಅದೇ ಮೊದಲು ತೇಲಿಹೋಗುತ್ತದೆ.

ಮಗುಚಿದರೆ ಏನು ಮಾಡಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿಯೇ ಜೀವ ಹೋಗುವುದು. ಬಿದಿರಿನ ತೆಪ್ಪ ಬೋರಲಾದರೂ ಮುಳುಗುವುದಿಲ್ಲ. ಅದನ್ನು ಹಿಡಿದವರು ತೇಲುತ್ತಾರೆ, ದಡದವರ ಕಣ್ಣಿಗೂ ಬೀಳುತ್ತಾರೆ. ಬಿಟ್ಟು ದಡ ಹತ್ತಿರವಿದೆಯೆಂದು ಈಜಲು ಹೊರಟವರು ಸೋಲುತ್ತಾರೆ. ಹಿಡಿಯುವುದು ಮೇಲ್ಹರಿವಿನ ಬದಿಯಿಂದ. ಕೆಳಗಿನ ಬದಿಯಲ್ಲಿದ್ದರೆ ತೆಪ್ಪಕ್ಕೂ ಬಂಡೆಗೂ ನಡುವೆ ಸಿಕ್ಕಿಕೊಳ್ಳುವ ಭಯ. ಕೈ ತಪ್ಪಿದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಹೊಳೆಯೊಟ್ಟಿಗೆ ಹೋಗಬೇಕು. ಬಂಡೆ ಬಂದರೆ ಪಾದ ತಾಗುತ್ತದೆ, ತಲೆಯಲ್ಲ. ಸೊಂಟದ ಮಟ್ಟದ ನೀರಿನಲ್ಲೂ ಸೆಳವಿದ್ದರೆ ಎದ್ದು ನಿಲ್ಲಬಾರದು. ಬಂಡೆಸಂದಿಗೆ ಪಾದ ಸಿಕ್ಕಿ, ನೀರು ಬೆನ್ನಿಗೆ ಒತ್ತಿ ಮುಂದಕ್ಕೆ ಕೆಡವಿದರೆ ಆಳವಿಲ್ಲದ ನೀರಿನಲ್ಲೇ ಉಸಿರು ಕಟ್ಟುತ್ತದೆ. ದಡದಲ್ಲಿರುವವರು ಮೊದಲು ಕೈಗೆ ಸಿಕ್ಕಿದ ಕೋಲು, ಸೀರೆ ಚಾಚಬೇಕು. ಆಗದಿದ್ದರೆ ಹಗ್ಗ ಎಸೆಯಬೇಕು. ಆಗದಿದ್ದರೆ ಇನ್ನೊಂದು ತೆಪ್ಪ. ನೀರಿಗೆ ಹಾರುವುದು ಕೊನೆಯದು, ಅದೂ ಬಲ್ಲವರಿಗೆ ಮಾತ್ರ. ನಮ್ಮಲ್ಲಿ ಒಬ್ಬರನ್ನು ಉಳಿಸಲು ಹೋಗಿ ಮೂವರು ನಾಲ್ವರು ಹೋದ ಸುದ್ದಿ ಪ್ರತಿ ಬೇಸಿಗೆ ರಜೆಯಲ್ಲೂ ಓದುತ್ತೇವೆ. ಪ್ರೀತಿ ಮೊದಲು ಹಾರುತ್ತದೆ; ಅದನ್ನು ಕ್ಷಣಹೊತ್ತು ತಡೆದು ಹಗ್ಗ ಹುಡುಕುವುದನ್ನು ಕಲಿಸಬೇಕು.

ದೋಣಿ ಬಿಡಬಾರದು ಎಂಬ ಮಾತಿಗೆ ಸಾಗರದಲ್ಲಿ ದೊಡ್ಡ ಪುರಾವೆ ಇದೆ. 1979ರ ಆಗಸ್ಟಿನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಫಾಸ್ಟ್‌ನೆಟ್ ಸ್ಪರ್ಧೆಗೆ ಹೊರಟ 303 ಹಾಯಿದೋಣಿಗಳು ಬಿರುಗಾಳಿಗೆ ಸಿಕ್ಕವು. 15 ಮಂದಿ ಸ್ಪರ್ಧಿಗಳು ಸತ್ತರು. ಜನ ಬಿಟ್ಟು ಹೋದ 24 ದೋಣಿಗಳಲ್ಲಿ ಮುಳುಗಿದ್ದು ಐದೇ. ಉಳಿದವು ಗಾಳಿ ನಿಂತ ಮೇಲೆ ಖಾಲಿಯಾಗಿ ತೇಲುತ್ತ ಸಿಕ್ಕವು. ಅಂದಿನಿಂದ ಹಾಯಿಗಾರರಿಗೆ ಕಲಿಸುವ ಮೊದಲ ಪಾಠ, ದೋಣಿ ನಿಜವಾಗಿ ಮುಳುಗುವವರೆಗೆ ಅದನ್ನು ಬಿಡಬೇಡ ಎಂಬುದು. ಹಳೇ ಅಣಗಳ್ಳಿಯ ಕಡೆ ಮೀನು ಹಿಡಿಯುವವರು ಫಾಸ್ಟ್‌ನೆಟ್ ಹೆಸರು ಕೇಳಿರಲಾರರು. ಆದರೆ ಬೋರಲಾದ ತೆಪ್ಪವನ್ನು ಬಿಡಬಾರದೆಂದು ಅವರ ಮಕ್ಕಳಿಗೂ ಗೊತ್ತು.

ಸತ್ತೇಗಾಲ ದಾಟಿದರೆ ಶಿವನಸಮುದ್ರ. ಹೊಳೆ ಇಲ್ಲಿ ಎರಡಾಗಿ ಒಡೆದು, ನಡುವೆ ದ್ವೀಪವಿಟ್ಟು, ಮಂಡ್ಯದ ಕಡೆಗೆ ಗಗನಚುಕ್ಕಿಯಾಗಿ, ನಮ್ಮ ಕಡೆಗೆ ಭರಚುಕ್ಕಿಯಾಗಿ ಬೀಳುತ್ತದೆ. ಮಧ್ಯರಂಗನ ಗುಡಿಗೆ ಹೋಗುವವರು, ಜಲಪಾತ ನೋಡುವವರು, 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಕೇಂದ್ರವನ್ನು ದೂರದಿಂದ ತೋರಿಸುವವರು ಎಲ್ಲರೂ ಇರುತ್ತಾರೆ. ನಾನು ಹೆಚ್ಚು ಹೊತ್ತು ನಿಂತದ್ದು ವೆಸ್ಲಿ ಸೇತುವೆಯ ಮುಂದೆ. 1830ರ ದಶಕದಲ್ಲಿ ಇಲ್ಲಿನ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ್ದು. ನದಿಯ ಬಂಡೆಯಲ್ಲೇ ಕಲ್ಲುಕಂಬಗಳನ್ನು ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ, ಹಾಸು. ಅದಕ್ಕೂ ಮೊದಲು ದ್ವೀಪಕ್ಕೆ ಬರಬೇಕಾದರೆ ಹಳೆಯ ಮುರುಕು ಸೇತುವೆಯ ಆಸರೆ, ಇಲ್ಲವೆ ತೆಪ್ಪ. ಈ ಸೇವೆಗಾಗಿ ಮೊದಲಿಯಾರರಿಗೆ ಜನೋಪಕಾರ ಕಾಮಕರ್ತ ಎಂಬ ಬಿರುದು ಬಂತು. ಬಿರುದು ಸುಮ್ಮನೆ ಬಂದದ್ದಲ್ಲ. ಸುಮಾರು 180 ವರ್ಷ ಆ ಕಂಬಗಳು ಕಾವೇರಿಗೆ ಎದೆಕೊಟ್ಟವು. 2018ರ ನೆರೆಯಲ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಉಳಿದ ಕಂಬಗಳ ಸಾಲು ಈಗಲೂ ಕಾಣುತ್ತದೆ, ನಡುವೆ ಬಾಯಿ ಬಿಟ್ಟ ಜಾಗದಲ್ಲಿ ನೀರು ಬಿಳಿಯಾಗಿ ಕುದಿಯುತ್ತದೆ. ಕಂಬಗಳನ್ನು ಆಗಾಗ ದುರಸ್ತಿ ಮಾಡಿಕೊಂಡು ಬಂದಿದ್ದರೆ ಸೇತುವೆ ಉಳಿಯುತ್ತಿತ್ತೆಂದು ನನ್ನ ನಂಬಿಕೆ. ನಡುನೀರಿನಲ್ಲಿ ನಿಂತ ಕಲ್ಲಿಗೂ ವರ್ಷ ವರ್ಷ ಕೈ ತಾಗಬೇಕು.

ಅದೇ 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಪರ್ತ್‌ನಿಂದ ಸುಮಾರು 1900 ನಾಟಿಕಲ್ ಮೈಲಿ ದೂರದಲ್ಲಿ, ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಹಾಯಿಸ್ಪರ್ಧೆಯೊಂದರಲ್ಲಿ ಒಬ್ಬರೇ ನಡೆಸುತ್ತಿದ್ದ 'ತುರಿಯಾ' ದೋಣಿ ಮಗುಚಿ, ಪಟಸ್ತಂಭ ಮುರಿದು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಎದ್ದು ಕೂರಲೂ ಆಗದವರು ದೋಣಿಯ ಒಳಗೇ ಮಲಗಿ ಸುದ್ದಿ ಕಳಿಸಿದರು, ಕಾದರು. ತಾವೂ ಪಟಸ್ತಂಭ ಕಳೆದುಕೊಂಡಿದ್ದ ಸಹಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಮುರಿದ ದೋಣಿಯನ್ನೇ ಅವರತ್ತ ತಿರುಗಿಸಿದರು. ಭಾರತದ ನೌಕಾಪಡೆಯ ವಿಮಾನ ಮೇಲಿಂದ ದೋಣಿಯನ್ನು ಗುರುತಿಸಿತು. 24ರಂದು ಫ್ರಾನ್ಸಿನ 'ಓಸಿರಿಸ್' ಹಡಗು ಬಂದು ಅವರನ್ನು ಎತ್ತಿಕೊಂಡಿತು. ಟಾಮಿ ಅದೇ ಸ್ಪರ್ಧೆಗೆ ಮರಳಿ 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ಈ ಕಥೆ ನನ್ನನ್ನು ತಟ್ಟುವುದು ಆ ಮೂರು ದಿನಗಳ ಶಾಂತಿಗಾಗಿ. ನೀರು ಎಲ್ಲಿದೆ, ಸುದ್ದಿ ಕಳಿಸುವ ಯಂತ್ರ ಎಲ್ಲಿದೆ, ಯಾವುದು ಕೈಗೆಟುಕುತ್ತದೆ ಎಂಬುದೆಲ್ಲ ಹೊರಡುವ ಮೊದಲೇ ತೀರ್ಮಾನವಾಗಿರಬೇಕು. ಬಿದ್ದ ಮೇಲೆ ಯೋಚಿಸಲು ಮನಸ್ಸಿಗೆ ಜಾಗವಿರುವುದಿಲ್ಲ.

ಹನೂರು ತಾಲ್ಲೂಕಿನಲ್ಲಿ ಈ ಪೂರ್ವಸಿದ್ಧತೆಯ ಬಹುದೊಡ್ಡ ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ. ಶಿವರಾತ್ರಿಗೆ ಮುನ್ನ ಬೆಂಗಳೂರು, ರಾಮನಗರ, ಕನಕಪುರದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಬರುವ ಸಾವಿರಾರು ಭಕ್ತರು ಸಂಗಮದ ದಾರಿಯಾಗಿ ಬಂದು ಬಸವನಕಡದ ಬಳಿ ಕಾವೇರಿಯನ್ನು ದಾಟುತ್ತಾರೆ. ಅಲ್ಲಿಂದ ಶಾಗ್ಯ, ಹನೂರು, ಕೌದಳ್ಳಿ, ತಾಳುಬೆಟ್ಟ. ಬೇಸಿಗೆಯ ಮೊದಲ ದಿನಗಳಾದ್ದರಿಂದ ನೀರು ಕಡಿಮೆಯಿರುತ್ತದೆ, ಆದರೂ ಸೊಂಟ ಮುಟ್ಟುತ್ತದೆ, ತಳದ ಕಲ್ಲು ಜಾರುತ್ತದೆ. ದಡದಿಂದ ದಡಕ್ಕೆ ಹಗ್ಗ ಬಿಗಿಯುತ್ತಾರೆ. ಅಗ್ನಿಶಾಮಕದವರು, ಪೊಲೀಸರು, ಈಜು ಬಲ್ಲವರು ನಿಲ್ಲುತ್ತಾರೆ. ತಲೆಯ ಮೇಲೆ ಗಂಟು, ಹೆಗಲ ಮೇಲೆ ಮಗು, ಬಾಯಲ್ಲಿ ಉಘೇ ಉಘೇ. ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ.

ಹಗ್ಗದ ವಿಷಯದಲ್ಲಿ ಕಡಲಿಗೂ ಹೊಳೆಗೂ ನಿಯಮ ತಿರುವುಮುರುವು. ಸಾಗರದ ಹಾಯಿಗಾರ ರಾತ್ರಿ ಮೇಲೆ ಬರುವಾಗ ಎದೆಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಯೇ ಹೆಜ್ಜೆ ಇಡುತ್ತಾನೆ; ಬಿದ್ದರೂ ದೋಣಿಯೊಟ್ಟಿಗೆ ಇರುತ್ತಾನೆ. ಹೊಳೆಯಲ್ಲಿ ಹಾಗೆ ಮೈಯನ್ನು ಹಗ್ಗಕ್ಕೆ ಕಟ್ಟಿಕೊಂಡವನು ಬಿದ್ದರೆ, ಹಗ್ಗ ಅಲ್ಲೇ ನಿಂತಿರುತ್ತದೆ, ನೀರು ಓಡುತ್ತಿರುತ್ತದೆ, ಆ ಒತ್ತಡ ಅವನನ್ನು ತಳಕ್ಕೆ ಅದುಮುತ್ತದೆ. ಅದಕ್ಕೇ ಇಲ್ಲಿ ಹಗ್ಗ ಹಿಡಿಯಲು ಮಾತ್ರ, ಕಟ್ಟಿಕೊಳ್ಳಲು ಅಲ್ಲ. ಹಗ್ಗದ ಕೆಳಹರಿವಿನ ಬದಿಯಲ್ಲಿ, ಮುಖವನ್ನು ನೀರು ಬರುವ ಕಡೆಗೆ ಮಾಡಿ, ಒಂದು ಪಾದ ನೆಲೆಯೂರಿದ ಮೇಲೆ ಇನ್ನೊಂದನ್ನು ಎತ್ತಬೇಕು. ಮಗುವನ್ನು ಬೆನ್ನಿಗೆ ಬಿಗಿದು ಗಂಟು ಹಾಕಬಾರದು, ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಇದನ್ನೆಲ್ಲ ಕಾಲ್ನಡಿಗೆ ಹೊರಡುವ ಊರುಗಳಲ್ಲೇ, ಹರಕೆ ಹೊತ್ತ ದಿನವೇ ಹೇಳಿಕೊಟ್ಟರೆ ಎಷ್ಟು ಒಳ್ಳೆಯದು. ನಡೆದು ನಡೆದು ದಣಿದು ದಡ ಸೇರಿದವರಿಗೆ ಧ್ವನಿವರ್ಧಕದಲ್ಲಿ ಕೂಗಿದರೆ ಕಿವಿಗೆ ಹೋಗುವುದಿಲ್ಲ.

ಬೆಟ್ಟ ಇಳಿದು ಪಾಲಾರಿನ ಮೇಲೆ ಗೋಪಿನಾಥಂ ದಾರಿ ಹಿಡಿದರೆ ಕಾವೇರಿ ವನ್ಯಜೀವಿಧಾಮದ ಒಣಕಾಡು. ಗೋಪಿನಾಥಂ ಹೆಸರು ಕೇಳಿದ ಕೂಡಲೇ ಎಲ್ಲರೂ ವೀರಪ್ಪನ್ ಎನ್ನುತ್ತಾರೆ. ಇಲ್ಲಿಯ ಜನ ಮರೆಯದ ಇನ್ನೊಂದು ಹೆಸರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿದವರು, 1991ರ ನವೆಂಬರಿನಲ್ಲಿ ಕಾಡುಗಳ್ಳನ ಕೈಯಲ್ಲಿ ಪ್ರಾಣ ಕಳೆದುಕೊಂಡವರು. ಆಲಂಬಾಡಿ, ಮಾರಿಕೊಟ್ಟಾಯ್ ದಾಟಿದರೆ ಹೊಗೇನಕಲ್.

ಬಂಡೆಗಳ ನಡುವೆ ಹೊಳೆ ಹತ್ತಾರು ಸೀಳಾಗಿ ಬಿದ್ದು, ಮತ್ತೆ ಒಂದಾಗಿ, ಎರಡು ಕಡೆ ಕಲ್ಲುಗೋಡೆಯ ಇಕ್ಕಟ್ಟಿನಲ್ಲಿ ಸಾಗುತ್ತದೆ. ಆ ಕಡೆ ಧರ್ಮಪುರಿ ಜಿಲ್ಲೆ, ಈ ಕಡೆ ಚಾಮರಾಜನಗರ. ತೆಪ್ಪಕ್ಕೆ ಆ ದಡದಲ್ಲಿ ಪರಿಸಲ್ ಎನ್ನುತ್ತಾರೆ. ಮೀನು ಹುರಿಯುವ ಹೊಗೆ, ಎಣ್ಣೆ ನೀವುವವರ ಕೂಗು, ಕಲ್ಲಿನ ಮೇಲೆ ಒಣಗಿಸಿದ ಬಟ್ಟೆಗಳ ಬಣ್ಣ. ಕೆಳಗೆ ಮೆಟ್ಟೂರು ಜಲಾಶಯ ತುಂಬಿ 120 ಅಡಿ ಮುಟ್ಟಿದಾಗ ಅದರ ಹಿನ್ನೀರು ಇಲ್ಲಿಯವರೆಗೂ ಬಂದು ನಿಲ್ಲುತ್ತದೆ. ದಾಟುವ ತೆಪ್ಪವಾಗಿದ್ದುದು ಇಲ್ಲಿ ನೋಡುವ ತೆಪ್ಪವಾಗಿದೆ. ಬೇಕೆಂದೇ ಜಲಪಾತದ ತುಂತುರಿನ ಹತ್ತಿರ ಒಯ್ದು, ಬೇಕೆಂದೇ ಗಿರ್ರನೆ ತಿರುಗಿಸುತ್ತಾರೆ. ಹಿಂದೆ ಇಲ್ಲಿ ಜೀವಗಳು ಹೋಗಿವೆ. ಈಗ ಲೈಫ್ ಜಾಕೆಟ್ ಕಡ್ಡಾಯ. ಆದರೆ ಅದನ್ನು ತೊಡುವ ರೀತಿ ನೋಡಿದರೆ ಸಂಕಟವಾಗುತ್ತದೆ. ಬಕಲ್ ಹಾಕದೆ ಹೆಗಲಿಗೆ ನೇತುಹಾಕಿದ ಜಾಕೆಟ್ ನೀರಿಗೆ ಬಿದ್ದೊಡನೆ ಮೇಲೆದ್ದು ಮುಖ ಮುಚ್ಚುತ್ತದೆ. ಪಟ್ಟಿಗಳನ್ನು ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದರೂ ಗಲ್ಲ ದಾಟಿ ಏರದಂತಿರಬೇಕು. ಫೋಟೊಗಾಗಿ ನಡುನೀರಿನಲ್ಲಿ ಬಿಚ್ಚುವವರಿದ್ದಾರೆ. ಅವರನ್ನು ಕಂಡರೆ ಆ ತೆಪ್ಪದ ಅಂಬಿಗನ ಮುಖ ನೋಡಿ, ಅವನ ಹುಟ್ಟು ಒಂದು ಕ್ಷಣ ನಿಂತಿರುತ್ತದೆ. ಮತ್ತೊಂದು ಮಾತು: ಬೋರಲಾದ ತೆಪ್ಪದ ಅಡಿಗೆ ಸಿಕ್ಕಿಕೊಂಡರೆ ಇದೇ ಜಾಕೆಟ್ ಮೈಯನ್ನು ಮೇಲಕ್ಕೆ, ತೆಪ್ಪದ ತಳಕ್ಕೆ ಒತ್ತುತ್ತದೆ. ಆಗ ಹೆದರದೆ, ಅಲ್ಲಿ ಉಳಿದ ಗಾಳಿಯಲ್ಲಿ ಉಸಿರೆಳೆದು, ಎರಡೂ ಕೈಯಿಂದ ಕಂಠವನ್ನು ಹುಡುಕಿ, ಅದನ್ನು ಮೇಲೆ ತಳ್ಳಿ ಪಕ್ಕಕ್ಕೆ ನುಸುಳಬೇಕು. ಹತ್ತುವ ಮುನ್ನ ಇದನ್ನು ಒಂದು ನಿಮಿಷ ಹೇಳಿದರೆ ಸಾಕು. ವಿಮಾನದಲ್ಲಿ ಹೇಳುತ್ತಾರಲ್ಲ, ಹೊಳೆಯಲ್ಲಿ ಯಾಕೆ ಹೇಳಬಾರದು?

ಹೊಗೇನಕಲ್‌ಗೆ ಸ್ವಲ್ಪ ಮೇಲೆ ಬಿಳಿಗುಂಡ್ಲು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಅಲ್ಲಿದೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಎಂದಾಗ ಅದನ್ನು ಅಳೆಯುವ ಜಾಗ ಇದೇ. ಎರಡು ರಾಜ್ಯಗಳ ವಾದದಲ್ಲಿ ಬಿಳಿಗುಂಡ್ಲು ಒಂದು ಅಂಕಿ. ಹೊಗೇನಕಲ್ಲಿನ ಅಂಬಿಗರಿಗೆ ಅದೇ ಅಂಕಿ ಇವತ್ತು ಒಲೆ ಉರಿಯುತ್ತದೆಯೋ ಇಲ್ಲವೋ ಎಂಬುದರ ಸೂಚನೆ. ಅಂಕಿ ಏರಿತೆಂದರೆ ಜಿಲ್ಲಾಡಳಿತ ತೆಪ್ಪ ನಿಲ್ಲಿಸುತ್ತದೆ. ಅದು ಸರಿಯಾದ ಕ್ರಮ, ಅದನ್ನು ಯಾರೂ ಸಡಿಲಿಸಬಾರದು. ಆದರೆ ಮಳೆಗಾಲದಲ್ಲಿ ನಿಷೇಧ ವಾರಗಟ್ಟಲೆ ಎಳೆದಾಗ ನೂರಾರು ಕುಟುಂಬಗಳಿಗೆ ದುಡಿಮೆ ಇಲ್ಲ. ದಡದಲ್ಲಿ ತೆಪ್ಪಗಳು ಸಾಲಾಗಿ ಬೋರಲು ಬಿದ್ದಿರುತ್ತವೆ, ಬಸ್ಸಿನಲ್ಲಿ ಬಂದ ಪ್ರವಾಸಿಗರು ಹೆಚ್ಚು ದುಡ್ಡು ಕೊಡುತ್ತೇವೆ ಬಾ ಎಂದು ಕರೆಯುತ್ತಿರುತ್ತಾರೆ.

ಇಡೀ ದಾರಿಯಲ್ಲಿ ನನಗೆ ಮನದಟ್ಟಾದದ್ದು ಇಲ್ಲಿ ಹೇಳಬೇಕು. ಟವಲಿನ ತೇಪೆ, ಮುರಿದ ಹುಟ್ಟು, ಅಂಗಾತ ತೇಲುವುದು ಎಲ್ಲ ಆಮೇಲಿನವು. ಆಪತ್ತನ್ನು ನಿಜವಾಗಿ ನಿಭಾಯಿಸುವವನು ದಡದಲ್ಲಿ ನಿಂತು ನೀರು ನೋಡಿ, ಇವತ್ತು ಇಳಿಸೋದಿಲ್ಲ ಎನ್ನುವ ಅಂಬಿಗ. ಹವಾಮಾನ ಸರಿಯಿಲ್ಲವೆಂದು ಬಂದರಿನಲ್ಲೇ ವಾರಗಟ್ಟಲೆ ಕಾಯುವ ಹಾಯಿಗಾರನ ಜಾಣತನವನ್ನು ನಾವು ಮೆಚ್ಚುತ್ತೇವೆ. ಗೋವಾದಲ್ಲಿ ಕಟ್ಟಿದ 'ತಾರಿಣಿ' ಹಾಯಿದೋಣಿಯಲ್ಲಿ ಆರು ಮಂದಿ ನೌಕಾಪಡೆಯ ಹೆಂಗಸರು 2017-18ರಲ್ಲಿ 254 ದಿನಗಳಲ್ಲಿ ಜಗತ್ತು ಸುತ್ತಿದರಲ್ಲ, ಕೊನೆಯ ಹಂತದಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟಾಗ ಮೊಂಡುತನ ಮಾಡದೆ ಮಾರಿಷಸ್‌ಗೆ ತಿರುಗಿ ದುರಸ್ತಿ ಮಾಡಿಸಿಕೊಂಡರು. ಅವರ ಸಂಬಳಕ್ಕೆ ಅದರಿಂದ ಕುಂದಾಗಲಿಲ್ಲ. ಹೊಳೆಯ ಅಂಬಿಗ ಇಲ್ಲವೆಂದರೆ ಅವನ ಅಂದಿನ ಕೂಲಿ ಹೋಗುತ್ತದೆ. ಅಂಥವನ ಬಾಯಿಂದ ಆ ಮಾತು ಬರಬೇಕಾದರೆ ಅದಕ್ಕೆ ಬೆಲೆ ಕಟ್ಟಿ ಕೊಡಬೇಕು.

ದಾರಿ ಇದೆ. ತೆಪ್ಪದ ಟಿಕೆಟ್ಟಿನ ಒಂದು ಪಾಲನ್ನು ಬೇಸಿಗೆಯ ದಿನಗಳಲ್ಲೇ ತೆಗೆದಿಟ್ಟು, ನಿಷೇಧದ ದಿನಗಳಿಗೆ ನೋಂದಾಯಿತ ಅಂಬಿಗರಿಗೆ ದಿನಗೂಲಿಯಾಗಿ ಕೊಡುವುದು. ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಕಡಲ ಮೀನುಗಾರರಿಗೆ ಉಳಿತಾಯ-ಪರಿಹಾರ ಯೋಜನೆ ಇರುವಾಗ ಹೊಳೆಯವರಿಗೆ ಯಾಕಿಲ್ಲ? ಅವರಲ್ಲೇ ಈಜು ಬಲ್ಲವರನ್ನು ಆರಿಸಿ ಅಗ್ನಿಶಾಮಕದವರ ಜೊತೆ ತರಬೇತಿ ಕೊಟ್ಟರೆ ದಾಸನಪುರಕ್ಕೆ ನೀರು ಬಂದ ದಿನ ದೂರದಿಂದ ರಕ್ಷಣಾ ದೋಣಿ ಬರುವವರೆಗೆ ಕಾಯಬೇಕಿಲ್ಲ. ಹೊಳೆಯ ಪ್ರತಿ ಮಡು, ಪ್ರತಿ ಬಂಡೆ ಬಲ್ಲವರು ಹತ್ತಿರದಲ್ಲೇ ಇರುತ್ತಾರೆ, ಅವರ ಕೂಲಿಯೂ ಆಯಿತು. ಹೊಗೇನಕಲ್ಲಿನಲ್ಲಿ ಮಾತ್ರ ಇದನ್ನು ಎರಡೂ ಜಿಲ್ಲೆಗಳು ಕೂತು ಒಟ್ಟಿಗೇ ಮಾಡಬೇಕು, ನಿಷೇಧದ ಅಂಕಿಯೂ ಎರಡೂ ಕಡೆಗೆ ಒಂದೇ ಇರಬೇಕು. ಈ ದಡದವನು ಇಲ್ಲವೆಂದು ಕೂತಾಗ ಆ ದಡದಲ್ಲಿ ತೆಪ್ಪ ಇಳಿದರೆ, ಪ್ರವಾಸಿಗರು ಹೋಗುವುದು ಆ ದಡಕ್ಕೇ.